ಹಳೆಯ ಗಣಕಯಂತ್ರಕ್ಕೆ ಎರಡನೆಯ ಆಯುಷ್ಯ

ಹೊಸ ಗಣಕಯಂತ್ರವು ಮನೆಗೆ ಬಂದೊಡನೆ ಹಳೆಯದು ಅಟ್ಟವನ್ನೇರುತ್ತದೆ. ಕಚೇರಿಗಳಲ್ಲಿ ಅದು ದಾಸ್ತಾನು ಕೊಠಡಿಯನ್ನು ಸೇರುತ್ತದೆ. ಕೆಲವು ವರ್ಷಗಳು ಧೂಳು ಹಿಡಿದು ಕುಳಿತ ಬಳಿಕ, ಮನೆ ಬದಲಾಯಿಸುವಾಗಲೋ ಹಬ್ಬಕ್ಕೆ ಮನೆ ಶುಚಿಗೊಳಿಸುವಾಗಲೋ ಅದನ್ನು ಗುಜರಿಗೆ ತೂಕಕ್ಕೆ ಹಾಕಲಾಗುತ್ತದೆ. ಮುಂಬಯಿಯಲ್ಲಿ ಭಂಗಾರ್‌ವಾಲಾ, ದೆಹಲಿಯಲ್ಲಿ ಕಬಾಡಿವಾಲಾ ಎಂದು ಕೊಳ್ಳುವವನ ಹೆಸರು ಊರಿಂದೂರಿಗೆ ಬದಲಾಗುತ್ತದೆ. ಯಂತ್ರವು ಸಾಗುವ ದಾರಿ ಮಾತ್ರ ಎಲ್ಲೆಡೆಯೂ ಒಂದೇ.

ಇದೇ ನಗರಗಳಲ್ಲಿ, ಬಹುವೇಳೆ ಅದೇ ಬೀದಿಯಲ್ಲಿ, ಗಣಕಯಂತ್ರವನ್ನು ಸ್ವಂತಕ್ಕೆ ಕಾಣದ ಕುಟುಂಬಗಳೂ ಇವೆ. 2017–18ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೆಯ ಸುತ್ತಿನ ಪ್ರಕಾರ ದೇಶದ ಕುಟುಂಬಗಳಲ್ಲಿ ಗಣಕಯಂತ್ರ ಹೊಂದಿದ್ದವು ಶೇಕಡಾ 10.7 ಮಾತ್ರ. ನಗರ ಪ್ರದೇಶಗಳಲ್ಲಿ ಈ ಪ್ರಮಾಣವು ಶೇಕಡಾ 23.4 ಇದ್ದರೆ, ಗ್ರಾಮೀಣ ಪ್ರದೇಶಗಳಲ್ಲಿ ಶೇಕಡಾ 4.4 ಇದ್ದಿತು. ಆ ಬಳಿಕ ಮೊಬೈಲ್ ಫೋನು ಬಹುತೇಕ ಮನೆಗಳನ್ನು ತಲುಪಿದೆ. ಆದರೂ ಪ್ರಬಂಧ ಬರೆಯಲು, ಲೆಕ್ಕಪತ್ರ ಕಲಿಯಲು, ಉದ್ಯೋಗಕ್ಕೆ ಅರ್ಜಿ ಸಿದ್ಧಪಡಿಸಲು ಕೀಲಿಮಣೆಯುಳ್ಳ ಯಂತ್ರವೇ ಅನುಕೂಲ ಎಂಬುದು ವಿದ್ಯಾರ್ಥಿಗಳಿಗೂ ಪಾಲಕರಿಗೂ ತಿಳಿದ ವಿಷಯವಾಗಿದೆ.

ಬಳಸದೆ ಬಿಟ್ಟ ಯಂತ್ರವನ್ನು ಸರಿಪಡಿಸಿ, ಬೇಕಾದವರ ಕೈಗೆ ತಲುಪಿಸುವುದಕ್ಕೆ ಪುನಶ್ಚೇತನ ಎನ್ನಬಹುದು. ಇದು ಹೆಚ್ಚಿನ ವೆಚ್ಚವಿಲ್ಲದ, ಆದರೆ ಕ್ರಮವರಿತು ಮಾಡಬೇಕಾದ ಕೆಲಸ. ಕ್ರಮ ತಪ್ಪಿದರೆ ಕೊಟ್ಟವರ ಖಾಸಗಿ ಮಾಹಿತಿಯು ಪರರ ಪಾಲಾಗುತ್ತದೆ; ಪಡೆದವರ ಪಾಲಿಗೆ ದಾನವು ಹೊರೆಯಾಗುತ್ತದೆ. ಆ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಯಂತ್ರವು ಹಳೆಯದಾಗುವುದು ಹೇಗೆ?

ಗಣಕಯಂತ್ರವು ಮೂರು ಬಗೆಯಲ್ಲಿ ಹಳೆಯದಾಗುತ್ತದೆ. ಮೊದಲನೆಯದು ಭಾಗಗಳ ಸವೆತ. ತಿರುಗುವ ಫ್ಯಾನು, ತಿರುಗುವ ಹಾರ್ಡ್ ಡಿಸ್ಕ್, ಪದೇ ಪದೇ ಚಾರ್ಜ್ ಆಗುವ ಲ್ಯಾಪ್‌ಟಾಪ್ ಬ್ಯಾಟರಿ ಇವು ಕಾಲಕ್ರಮದಲ್ಲಿ ಶಕ್ತಿಗುಂದುತ್ತವೆ. ಪ್ರೊಸೆಸರ್, ರ‍್ಯಾಮ್ ಮುಂತಾದ ಚಲನೆಯಿಲ್ಲದ ಭಾಗಗಳು ಸಾಮಾನ್ಯವಾಗಿ ಇವುಗಳಿಗಿಂತ ಬಹುಕಾಲ ಬಾಳುತ್ತವೆ. ಎರಡನೆಯದು ತಂತ್ರಾಂಶದ ಭಾರ. ಯಂತ್ರವು ಮೊದಲಿನಂತೆಯೇ ಇದ್ದರೂ, ಅದರ ಮೇಲೆ ನಡೆಯುವ ತಂತ್ರಾಂಶಗಳು ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತ ಹೋಗುವುದರಿಂದ ಅದು ನಿಧಾನವಾದಂತೆ ತೋರುತ್ತದೆ.

ಮೂರನೆಯದು ತಯಾರಕರ ಬೆಂಬಲವು ನಿಲ್ಲುವುದು. ಇದಕ್ಕೆ ಇತ್ತೀಚಿನ ಉದಾಹರಣೆಯೆಂದರೆ ವಿಂಡೋಸ್ 10. 2015ರ ಜುಲೈ ತಿಂಗಳಲ್ಲಿ ಬಿಡುಗಡೆಯಾದ ಈ ಕಾರ್ಯಾಚರಣಾ ತಂತ್ರಾಂಶಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಸೀಮಿತ ಅವಧಿಯ ಹೆಚ್ಚುವರಿ ರಕ್ಷಣೆಯ ವ್ಯವಸ್ಥೆಯನ್ನು ಕಂಪನಿಯು ಪ್ರಕಟಿಸಿತಾದರೂ ಅದು ತಾತ್ಕಾಲಿಕವಾದುದು. ಮುಂದಿನ ಆವೃತ್ತಿಯಾದ ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ, ಕಂಪನಿಯ ಪಟ್ಟಿಯಲ್ಲಿರುವ ಪ್ರೊಸೆಸರೂ ಬೇಕು. ಇಂಟೆಲ್ ಪ್ರೊಸೆಸರುಗಳಲ್ಲಿ ಬಹುಮಟ್ಟಿಗೆ ಎಂಟನೆಯ ಪೀಳಿಗೆಯವು ಮತ್ತು ಅನಂತರದವು ಮಾತ್ರ ಈ ಪಟ್ಟಿಯಲ್ಲಿವೆ. ಇದರಿಂದಾಗಿ, ಯಾವ ಭಾಗವೂ ಕೆಡದಿದ್ದ ಅನೇಕ ಯಂತ್ರಗಳು ‘ಹಳೆಯವು’ ಎಂಬ ವರ್ಗಕ್ಕೆ ಸೇರಿದವು.

ಇಲ್ಲಿ ಒಂದು ಅಂಶವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಬೆಂಬಲವು ನಿಂತರೆ ಯಂತ್ರವು ನಿಲ್ಲುವುದಿಲ್ಲ. ತಂತ್ರಾಂಶದಲ್ಲಿ ಹೊಸದಾಗಿ ಪತ್ತೆಯಾಗುವ ಭದ್ರತಾ ದೋಷಗಳಿಗೆ ಪರಿಹಾರವು ದೊರೆಯುವುದಿಲ್ಲ, ಅಷ್ಟೆ. ಅಂತಹ ಯಂತ್ರವನ್ನು ಅಂತರಜಾಲಕ್ಕೆ ಜೋಡಿಸಿ ಬ್ಯಾಂಕು ವ್ಯವಹಾರ ನಡೆಸುವುದು ಸುರಕ್ಷಿತವಲ್ಲ. ಆದರೆ ಇದಕ್ಕೆ ಮದ್ದು ಯಂತ್ರವನ್ನು ಎಸೆಯುವುದಲ್ಲ; ಬೆಂಬಲವಿರುವ ಬೇರೊಂದು ಕಾರ್ಯಾಚರಣಾ ತಂತ್ರಾಂಶವನ್ನು ಅದಕ್ಕೆ ಅಳವಡಿಸುವುದು.

ತಯಾರಿಕೆಗೆ ತಗಲುವ ಸಂಪತ್ತು

ಗಣಕಯಂತ್ರದ ತೂಕಕ್ಕೂ ಅದರ ತಯಾರಿಕೆಗೆ ತಗಲುವ ವಸ್ತುಗಳ ತೂಕಕ್ಕೂ ಹೋಲಿಕೆಯೇ ಇಲ್ಲ. ಸಂಯುಕ್ತ ರಾಷ್ಟ್ರಗಳ ವಿಶ್ವವಿದ್ಯಾಲಯವು 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಂದಿನ ಕಾಲದ ಒಂದು ಮೇಜಿನ ಗಣಕಯಂತ್ರವನ್ನು ಅದರ 17 ಅಂಗುಲದ ಗಾಜಿನ ಕೊಳವೆಯ ಮಾನಿಟರ್ ಸಹಿತ ತಯಾರಿಸಲು ಸುಮಾರು 240 ಕಿಲೋಗ್ರಾಂ ಪಳೆಯುಳಿಕೆ ಇಂಧನ, 22 ಕಿಲೋಗ್ರಾಂ ರಾಸಾಯನಿಕಗಳು ಮತ್ತು 1,500 ಕಿಲೋಗ್ರಾಂ ನೀರು ಬೇಕಾಗುತ್ತಿತ್ತು. ಇಂದಿನ ಯಂತ್ರಗಳು ಹಗುರವಾಗಿವೆ, ಗಾಜಿನ ಮಾನಿಟರುಗಳು ಮಾಯವಾಗಿವೆ. ಆದರೆ ಸಿಲಿಕಾನ್ ಚಿಪ್ಪುಗಳ ತಯಾರಿಕೆಯು ಇಂದಿಗೂ ಅಪಾರ ವಿದ್ಯುತ್ತನ್ನೂ ಶುದ್ಧ ನೀರನ್ನೂ ಬೇಡುತ್ತದೆ. ಲ್ಯಾಪ್‌ಟಾಪ್ ತನ್ನ ಇಡೀ ಬಾಳಿನಲ್ಲಿ ಪರಿಸರಕ್ಕೆ ಉಂಟುಮಾಡುವ ಇಂಗಾಲದ ಹೊರೆಯ ಬಹುಭಾಗವು, ಅದು ಕೊಳ್ಳುವವರ ಕೈ ಸೇರುವ ಮೊದಲೇ, ತಯಾರಿಕೆಯ ಹಂತದಲ್ಲಿಯೇ ಸಂಭವಿಸಿರುತ್ತದೆ.

ಆದುದರಿಂದ ಯಂತ್ರವನ್ನು ಕರಗಿಸಿ ಲೋಹ ತೆಗೆಯುವುದಕ್ಕಿಂತ ಯಂತ್ರವನ್ನು ಯಂತ್ರವಾಗಿಯೇ ಉಳಿಸಿಕೊಳ್ಳುವುದು ಲಾಭದಾಯಕ. ಕರಗಿಸಿದಾಗ ತಾಮ್ರ, ಅಲ್ಯೂಮಿನಿಯಂ, ಅಲ್ಪ ಪ್ರಮಾಣದ ಚಿನ್ನ ದೊರೆಯುತ್ತವೆ. ಚಿಪ್ಪನ್ನು ನಿರ್ಮಿಸಲು ವ್ಯಯವಾದ ಶಕ್ತಿ, ನೀರು ಮತ್ತು ಪರಿಶ್ರಮ ಮರಳಿ ಬರುವುದಿಲ್ಲ.

ವಿಲೇವಾರಿಯ ಸ್ಥಿತಿಯೂ ಚಿಂತೆಗೆ ಎಡೆಮಾಡುತ್ತದೆ. 2024ರಲ್ಲಿ ಪ್ರಕಟವಾದ ಜಾಗತಿಕ ವಿದ್ಯುನ್ಮಾನ ತ್ಯಾಜ್ಯ ವರದಿಯಂತೆ, 2022ರಲ್ಲಿ ಜಗತ್ತಿನಾದ್ಯಂತ 6 ಕೋಟಿ 20 ಲಕ್ಷ ಟನ್ ವಿದ್ಯುನ್ಮಾನ ತ್ಯಾಜ್ಯ ಉಂಟಾಯಿತು. ಇದರಲ್ಲಿ ಕ್ರಮಬದ್ಧವಾಗಿ ಸಂಗ್ರಹಗೊಂಡು ಸಂಸ್ಕರಣೆಯಾದುದಕ್ಕೆ ದಾಖಲೆ ಇದ್ದುದು ಶೇಕಡಾ 22.3ರಷ್ಟಕ್ಕೆ ಮಾತ್ರ. ನಮ್ಮ ದೇಶದಲ್ಲಿ ದೆಹಲಿಯ ಸೀಲಂಪುರ, ಉತ್ತರ ಪ್ರದೇಶದ ಮೊರಾದಾಬಾದ್ ಮೊದಲಾದೆಡೆ ಸರ್ಕ್ಯೂಟ್ ಹಲಗೆಗಳನ್ನು ಬಯಲಿನಲ್ಲಿ ಸುಡುವ, ಆಮ್ಲದಲ್ಲಿ ಅದ್ದಿ ಲೋಹ ತೆಗೆಯುವ ಪದ್ಧತಿಗಳನ್ನು ಅನೇಕ ವರದಿಗಳು ದಾಖಲಿಸಿವೆ. ಸೀಸ, ಪಾದರಸ, ಕ್ಯಾಡ್ಮಿಯಂ ಮುಂತಾದ ವಿಷವಸ್ತುಗಳು ಹೀಗೆ ಗಾಳಿಯನ್ನೂ ನೀರನ್ನೂ ಸೇರುತ್ತವೆ. ಇವುಗಳ ಹಾನಿಗೆ ಮೊದಲು ಗುರಿಯಾಗುವವರು ಬರಿಗೈಯಲ್ಲಿ ಆ ಕೆಲಸ ಮಾಡುವ ಕಾರ್ಮಿಕರು ಹಾಗೂ ಅವರ ಮಕ್ಕಳು. ಗುಜರಿಗೆ ಹಾಕಿದ ಯಂತ್ರವು ಇಂತಹ ಸ್ಥಳವನ್ನು ತಲುಪಬಹುದೆಂಬುದನ್ನು ನಾಗರಿಕರು ನೆನಪಿನಲ್ಲಿಡಬೇಕು.

ಯೋಗ್ಯತೆಯ ಪರೀಕ್ಷೆ

ಪ್ರತಿಯೊಂದು ಹಳೆಯ ಯಂತ್ರವೂ ಪುನಶ್ಚೇತನಕ್ಕೆ ಯೋಗ್ಯವಲ್ಲ. ಯೋಗ್ಯತೆಯನ್ನು ಮೊದಲೇ ನಿರ್ಧರಿಸಿದರೆ ಹಣವೂ ಶ್ರಮವೂ ಉಳಿಯುತ್ತವೆ.

ಎಲ್ಲಕ್ಕಿಂತ ಮೊದಲು ಪ್ರೊಸೆಸರನ್ನು ನೋಡಬೇಕು. ಅದು 64 ಬಿಟ್ ವರ್ಗದ್ದಾಗಿರಬೇಕು. 32 ಬಿಟ್ ಪ್ರೊಸೆಸರುಗಳಿಗೆ ವಿಂಡೋಸ್ 11ರಲ್ಲಿ ಸ್ಥಾನವಿಲ್ಲ. ಉಬುಂಟು, ಡೆಬಿಯನ್ ಮೊದಲಾದ ಉಚಿತ ತಂತ್ರಾಂಶಗಳ ಹೊಸ ಆವೃತ್ತಿಗಳೂ ಅವುಗಳಲ್ಲಿ ಸ್ಥಾಪನೆಯಾಗುವುದಿಲ್ಲ. ಎರಡನೆಯದಾಗಿ ರ‍್ಯಾಮ್. ಇಂದಿನ ಅಂತರಜಾಲ ತಾಣಗಳನ್ನು ತೆರೆಯಲು 4 ಗಿಗಾಬೈಟ್ ಕನಿಷ್ಠ ಪ್ರಮಾಣ, 8 ಗಿಗಾಬೈಟ್ ಇದ್ದರೆ ಉತ್ತಮ. ಯಂತ್ರವು ಅಷ್ಟು ರ‍್ಯಾಮನ್ನು ಸ್ವೀಕರಿಸುವುದೇ ಎಂಬುದನ್ನು ತಯಾರಕರ ಕೈಪಿಡಿಯಿಂದ ತಿಳಿಯಬಹುದು. ಮೂರನೆಯದಾಗಿ ಮದರ್‌ಬೋರ್ಡಿನ ಸ್ಥಿತಿ. ಅದರ ಮೇಲಿನ ಚಿಕ್ಕ ಕೊಳವೆಯಾಕಾರದ ಕೆಪಾಸಿಟರುಗಳ ನೆತ್ತಿಯು ಉಬ್ಬಿದ್ದರೆ ಅಥವಾ ಅವುಗಳಿಂದ ಕಂದು ಬಣ್ಣದ ದ್ರವವು ಜಿನುಗಿದ್ದರೆ ಆ ಹಲಗೆಯನ್ನು ನಂಬುವಂತಿಲ್ಲ.

ಲ್ಯಾಪ್‌ಟಾಪ್ ಬ್ಯಾಟರಿಯು ಉಬ್ಬಿದ್ದರೆ ಅದನ್ನು ಚುಚ್ಚುವುದಾಗಲಿ ಒತ್ತುವುದಾಗಲಿ ಚಾರ್ಜ್ ಮಾಡುವುದಾಗಲಿ ಕೂಡದು. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತುವ ಅಪಾಯವಿದೆ. ಅದನ್ನು ಅನುಭವಿ ದುರಸ್ತಿಗಾರರಿಂದ ತೆಗೆಸಿ ಪ್ರತ್ಯೇಕವಾಗಿ ವಿಲೇವಾರಿ ಮಾಡಿಸಬೇಕು. ಗಾಜಿನ ಕೊಳವೆಯ ಹಳೆಯ ಮಾನಿಟರುಗಳನ್ನು ಪುನಶ್ಚೇತನಕ್ಕೆ ಪರಿಗಣಿಸಬಾರದು. ಅವುಗಳ ಗಾಜಿನಲ್ಲಿ ಸೀಸವಿದೆ. ವಿದ್ಯುತ್ ಸಂಪರ್ಕ ತಪ್ಪಿಸಿದ ಮೇಲೂ ಅವುಗಳೊಳಗೆ ಅಪಾಯಕಾರಿ ವಿದ್ಯುದಂಶವು ಉಳಿದಿರಬಹುದು.

ಅಯೋಗ್ಯವೆಂದು ಕಂಡ ಯಂತ್ರದಲ್ಲಿಯೂ ಉಪಯುಕ್ತ ಭಾಗಗಳಿರುತ್ತವೆ. ಒಂದೇ ಮಾದರಿಯ ಮೂರು ಕೆಟ್ಟ ಯಂತ್ರಗಳಿದ್ದರೆ ಒಂದರ ರ‍್ಯಾಮ್, ಮತ್ತೊಂದರ ಫ್ಯಾನು ಬಳಸಿ ಎರಡನ್ನು ಸುಸ್ಥಿತಿಗೆ ತರುವುದು ಹಲವು ವೇಳೆ ಸಾಧ್ಯ. ಕಚೇರಿಗಳು ಒಂದೇ ಮಾದರಿಯ ಯಂತ್ರಗಳನ್ನು ಒಟ್ಟಾಗಿ ಕೊಳ್ಳುವುದರಿಂದ ಅಲ್ಲಿಂದ ಬಂದ ಯಂತ್ರಗಳಿಗೆ ಈ ವಿಧಾನವು ಹೆಚ್ಚು ಹೊಂದುತ್ತದೆ.

ಮಾಹಿತಿಯನ್ನು ಅಳಿಸುವುದು

ಯಂತ್ರವನ್ನು ಬೇರೆಯವರಿಗೆ ಕೊಡುವ ಮೊದಲು ಅದರಲ್ಲಿರುವ ಮಾಹಿತಿಯನ್ನು ಪೂರ್ತಿಯಾಗಿ ಅಳಿಸುವುದು ಅತ್ಯವಶ್ಯ. ಈ ಹಂತವನ್ನು ಬಹಳ ಮಂದಿ ಕಡೆಗಣಿಸುತ್ತಾರೆ.

ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಇಬ್ಬರು ಸಂಶೋಧಕರು 158 ಹಳೆಯ ಹಾರ್ಡ್ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ 2003ರಲ್ಲಿ ತಮ್ಮ ಶೋಧನೆಗಳನ್ನು ಪ್ರಕಟಿಸಿದರು. ಕೆಲಸ ಮಾಡುತ್ತಿದ್ದ 129 ಡಿಸ್ಕುಗಳಲ್ಲಿ ಸರಿಯಾಗಿ ಅಳಿಸಲಾಗಿದ್ದವು ಕೇವಲ 12. ಉಳಿದವುಗಳಿಂದ ಅವರಿಗೆ ಐದು ಸಾವಿರಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು, ವೈದ್ಯಕೀಯ ವಿವರಗಳು, ಖಾಸಗಿ ಪತ್ರಗಳು ದೊರೆತವು. ಇವುಗಳ ಹಿಂದಿನ ಒಡೆಯರಲ್ಲಿ ಅನೇಕರು ಕಡತಗಳನ್ನು ಅಳಿಸಿದ್ದೇವೆಂದೇ ಭಾವಿಸಿದ್ದಿರಬೇಕು.

ಹೀಗಾಗಲು ಕಾರಣವಿದೆ. ಕಡತವನ್ನು ಅಳಿಸುವ ಗುಂಡಿಯನ್ನು ಒತ್ತಿದಾಗ ಕಡತವು ಅಳಿಯುವುದಿಲ್ಲ. ಅದು ಎಲ್ಲಿದೆ ಎಂಬ ಸೂಚನೆಯಷ್ಟೇ ಅಳಿಯುತ್ತದೆ. ಪುಸ್ತಕದ ವಿಷಯಸೂಚಿಯಿಂದ ಒಂದು ಸಾಲನ್ನು ಹೊಡೆದುಹಾಕಿದರೆ ಒಳಗಿನ ಅಧ್ಯಾಯವು ಹಾಗೆಯೇ ಉಳಿಯುವಂತೆ, ಮಾಹಿತಿಯು ಡಿಸ್ಕಿನಲ್ಲಿ ಉಳಿದಿರುತ್ತದೆ. ಡಿಸ್ಕನ್ನು ತ್ವರಿತವಾಗಿ ಫಾರ್ಮ್ಯಾಟ್ ಮಾಡಿದಾಗಲೂ ಆಗುವುದು ಬಹುಮಟ್ಟಿಗೆ ಇಷ್ಟೇ.

ಸರಿಯಾದ ವಿಧಾನವು ಡಿಸ್ಕಿನ ಬಗೆಯನ್ನು ಅವಲಂಬಿಸಿದೆ. ತಿರುಗುವ ಹಾರ್ಡ್ ಡಿಸ್ಕಾದರೆ ಅದರ ಪ್ರತಿಯೊಂದು ಸ್ಥಾನದ ಮೇಲೂ ಹೊಸದಾಗಿ ಬರೆಯುವ ತಂತ್ರಾಂಶವನ್ನು ಬಳಸಬೇಕು. ಆಧುನಿಕ ಡಿಸ್ಕಿಗೆ ಒಮ್ಮೆ ಪೂರ್ತಿಯಾಗಿ ಬರೆದರೆ ಸಾಮಾನ್ಯ ಉಪಯೋಗಕ್ಕೆ ಸಾಕು. ಚಲನೆಯಿಲ್ಲದ ಎಸ್‌ಎಸ್‌ಡಿಗೆ ಈ ವಿಧಾನವನ್ನು ನೆಚ್ಚುವಂತಿಲ್ಲ. ಅದು ಬರಹವನ್ನು ತನ್ನೊಳಗೇ ಬೇರೆ ಬೇರೆ ಸ್ಥಾನಗಳಿಗೆ ಹಂಚುತ್ತದೆ. ಅದಕ್ಕೆ ತಯಾರಕರೇ ಒದಗಿಸುವ ಸುರಕ್ಷಿತ ಅಳಿಸುವಿಕೆಯ ಆದೇಶವನ್ನು ಬಳಸಬೇಕು. ಕೆಟ್ಟುಹೋಗಿ ತೆರೆಯಲಾಗದ ಡಿಸ್ಕನ್ನು ಯಾರಿಗೂ ಕೊಡದೆ ಭೌತಿಕವಾಗಿ ನಾಶಪಡಿಸಿ, ಅವಶೇಷವನ್ನು ವಿದ್ಯುನ್ಮಾನ ತ್ಯಾಜ್ಯದೊಂದಿಗೆ ಒಪ್ಪಿಸುವುದು ಉಚಿತ.

ಅಳಿಸುವ ಮೊದಲು ಬೇಕಾದುದನ್ನು ಬೇರೆಡೆ ನಕಲು ಮಾಡಿಕೊಳ್ಳಬೇಕು. ಕನ್ನಡ ಬಳಕೆದಾರರು ಈ ಹಂತದಲ್ಲಿ ಇನ್ನೊಂದು ವಿಷಯದ ಕಡೆಗೂ ಗಮನ ಹರಿಸಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಸಿದ್ಧಪಡಿಸಿದ ಕನ್ನಡ ಕಡತಗಳು ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣಿಸುತ್ತವೆ. ಸಂಘಗಳ ನಡಾವಳಿ, ಸ್ಮರಣ ಸಂಚಿಕೆಯ ಲೇಖನಗಳು, ಹಿರಿಯರ ಆತ್ಮಕಥನಗಳು ಹೀಗೆ ಕಣ್ಮರೆಯಾಗುವ ಸಂಭವವಿದೆ. ಆದುದರಿಂದ ಹಳೆಯ ಯಂತ್ರವು ಇನ್ನೂ ನಡೆಯುತ್ತಿರುವಾಗಲೇ ಅಂತಹ ಕಡತಗಳನ್ನು ಪರಿವರ್ತಕ ತಂತ್ರಾಂಶದ ನೆರವಿನಿಂದ ಯೂನಿಕೋಡ್‌ಗೆ ಬದಲಾಯಿಸಿ, ಒಮ್ಮೆ ಓದಿ ನೋಡಿ ಉಳಿಸಿಕೊಳ್ಳಬೇಕು.

ದುರಸ್ತಿಯ ಹಂತಗಳು

ದುರಸ್ತಿಗೆ ಬೇಕಾದ ಸಲಕರಣೆಗಳು ಅಲ್ಪ: ಒಳ್ಳೆಯ ಸ್ಕ್ರೂಡ್ರೈವರ್, ಮೆತ್ತನೆಯ ಬ್ರಷ್, ಗಾಳಿ ಊದುವ ಉಪಕರಣ. ಕೆಲಸ ಆರಂಭಿಸುವ ಮುನ್ನ ಪ್ಲಗ್ ಕಿತ್ತು, ಲ್ಯಾಪ್‌ಟಾಪ್ ಆದರೆ ಬ್ಯಾಟರಿಯ ಸಂಪರ್ಕವನ್ನೂ ತಪ್ಪಿಸಬೇಕು. ದೇಹದಲ್ಲಿ ಸಂಗ್ರಹವಾಗುವ ಸ್ಥಿರ ವಿದ್ಯುತ್ತು ಸೂಕ್ಷ್ಮ ಚಿಪ್ಪುಗಳನ್ನು ಕೆಡಿಸಬಲ್ಲದಾದ್ದರಿಂದ ಆಗಾಗ ಲೋಹದ ಚೌಕಟ್ಟನ್ನು ಮುಟ್ಟುವ ರೂಢಿ ಇಟ್ಟುಕೊಳ್ಳಬೇಕು. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಕೂಡದು. ಅದು ಕೆಟ್ಟಿದ್ದರೆ ಬದಲಾಯಿಸುವುದೇ ಸರಿ.

ಮೊದಲ ಹಂತ ಶುಚೀಕರಣ. ಧೂಳು ಕಟ್ಟಿದ ಫ್ಯಾನು ತಿರುಗಿದರೂ ಗಾಳಿ ಸಾಗದೆ ಪ್ರೊಸೆಸರ್ ಕಾದು, ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬಳಸುವವರಿಗೆ ಇದು ಯಂತ್ರದ ಮುಪ್ಪಿನಂತೆ ತೋರುತ್ತದೆ. ಧೂಳು ತೆಗೆದು, ಪ್ರೊಸೆಸರಿನ ಮೇಲೆ ಒಣಗಿರುವ ಉಷ್ಣವಾಹಕ ಲೇಪವನ್ನು ಒರೆಸಿ ಹೊಸದಾಗಿ ಹಚ್ಚಿದರೆ ಅನೇಕ ಯಂತ್ರಗಳು ಚೇತರಿಸಿಕೊಳ್ಳುತ್ತವೆ.

ಎರಡನೆಯ ಹಂತ ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿ. ಇದು ತೀರಿದ್ದರೆ ಯಂತ್ರವು ಪ್ರತಿ ಬಾರಿಯೂ ದಿನಾಂಕವನ್ನು ಮರೆಯುತ್ತದೆ. ದಿನಾಂಕ ತಪ್ಪಾದರೆ ಅಂತರಜಾಲದ ಸುರಕ್ಷಿತ ತಾಣಗಳು ತೆರೆಯುವುದಿಲ್ಲ. ಅಲ್ಪ ಬೆಲೆಯ ಈ ಬ್ಯಾಟರಿಯ ದೆಸೆಯಿಂದ ‘ಇಂಟರ್‌ನೆಟ್ ಬರುತ್ತಿಲ್ಲ’ ಎಂದು ಯಂತ್ರವನ್ನೇ ಮೂಲೆಗೆ ಸರಿಸಿದ ಪ್ರಸಂಗಗಳು ಅಪರೂಪವಲ್ಲ.

ಮೂರನೆಯ ಹಂತ ಹಾರ್ಡ್ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಅಳವಡಿಸುವುದು. ಯಂತ್ರದ ವೇಗ ಹೆಚ್ಚಿಸುವುದರಲ್ಲಿ ಇದಕ್ಕೆ ಸಮನಾದ ಬದಲಾವಣೆ ಬೇರೊಂದಿಲ್ಲ. ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತಿರುತ್ತವೆ. ಬೇಕಾದ ಮಾಹಿತಿಯ ಬಳಿಗೆ ಓದುವ ಸೂಜಿಯು ಸರಿದು, ತಟ್ಟೆಯ ಆ ಭಾಗವು ಸುತ್ತಿ ಬರುವವರೆಗೆ ಯಂತ್ರವು ಕಾಯಬೇಕು. ಪ್ರತಿಯೊಂದು ಕಾಯುವಿಕೆಯೂ ಸೆಕೆಂಡಿನ ಅಲ್ಪ ಭಾಗವಾದರೂ, ಯಂತ್ರವನ್ನು ಆರಂಭಿಸುವಾಗ ಸಾವಿರಾರು ಬಾರಿ ಕಾಯಬೇಕಾಗುವುದರಿಂದ ಅವೆಲ್ಲ ಸೇರಿ ನಿಮಿಷಗಳಾಗುತ್ತವೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲದ ಕಾರಣ ಈ ಕಾಯುವಿಕೆಯು ಬಹುಮಟ್ಟಿಗೆ ಇಲ್ಲವಾಗುತ್ತದೆ.

ನಾಲ್ಕನೆಯ ಹಂತ ರ‍್ಯಾಮ್ ಹೆಚ್ಚಿಸುವುದು. ಡಿಡಿಆರ್ 3 ಮತ್ತು ಡಿಡಿಆರ್ 4 ಬಗೆಯ ರ‍್ಯಾಮುಗಳು ಒಂದರ ಸ್ಥಾನದಲ್ಲಿ ಇನ್ನೊಂದು ಕೂರುವುದಿಲ್ಲ. ಅವುಗಳ ಕಚ್ಚು ಬೇರೆ, ವಿದ್ಯುತ್ ಬೇರೆ. ಆದ್ದರಿಂದ ಹಳೆಯ ತುಣುಕನ್ನು ಜೊತೆಗೆ ಕೊಂಡೊಯ್ದು ಅದಕ್ಕೆ ಹೊಂದುವುದನ್ನೇ ತರುವುದು ಒಳ್ಳೆಯದು. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯ ನೆಹರೂ ಪ್ಲೇಸ್, ಚೆನ್ನೈಯ ರಿಚಿ ಸ್ಟ್ರೀಟ್, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್, ಬೆಂಗಳೂರಿನ ಎಸ್.ಪಿ. ರಸ್ತೆ ಮುಂತಾದ ಮಾರುಕಟ್ಟೆಗಳಲ್ಲಿ ಗಣಕಯಂತ್ರದ ಬಿಡಿಭಾಗಗಳನ್ನು ಮಾರುವ, ದುರಸ್ತಿ ಮಾಡುವ ಅಂಗಡಿಗಳಿವೆ. ಬಿಡಿಭಾಗಕ್ಕೆ ರಸೀದಿಯನ್ನೂ, ಖಾತರಿ ಅವಧಿಯ ಲಿಖಿತ ವಿವರವನ್ನೂ ಕೇಳಿ ಪಡೆಯಬೇಕು.

ಕೊನೆಯದಾಗಿ, ರ‍್ಯಾಮ್ ಮತ್ತು ಡಿಸ್ಕುಗಳನ್ನು ಪರೀಕ್ಷಾ ತಂತ್ರಾಂಶದಿಂದ ಪರಿಶೀಲಿಸಿ, ಯಂತ್ರವನ್ನು ಒಂದು ಇಡೀ ದಿನವಾದರೂ ನಡೆಸಿ ನೋಡಬೇಕು. ಬಿಸಿಯಾದ ಮೇಲಷ್ಟೇ ಕಾಣಿಸಿಕೊಳ್ಳುವ ದೋಷಗಳು ಆಗ ಬೆಳಕಿಗೆ ಬರುತ್ತವೆ.

ತಂತ್ರಾಂಶ ಮತ್ತು ಕನ್ನಡ

ದುರಸ್ತಿಯಾದ ಯಂತ್ರಕ್ಕೆ ಎಂತಹ ತಂತ್ರಾಂಶ ಹಾಕಬೇಕು? ಪರವಾನಗಿಯಿಲ್ಲದ ನಕಲಿ ಪ್ರತಿಯನ್ನು ಹಾಕುವುದು ಕಾನೂನಿಗೆ ವಿರುದ್ಧ. ಅದರೊಡನೆ ಹಾನಿಕಾರಕ ತಂತ್ರಾಂಶವೂ ಸೇರಿ ಬರುವ ಅಪಾಯವುಂಟು. ಈ ಸಂದರ್ಭಕ್ಕೆ ಲಿನಕ್ಸ್ ಆಧಾರಿತ ಮುಕ್ತ ತಂತ್ರಾಂಶಗಳು ಹೇಳಿ ಮಾಡಿಸಿದಂತಿವೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಇಂದು ಅನೇಕ ರೂಪಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಲಿನಕ್ಸ್ ಮಿಂಟ್, ಲುಬುಂಟು, ಎಂಎಕ್ಸ್ ಲಿನಕ್ಸ್ ಮೊದಲಾದವು ಹಳೆಯ ಯಂತ್ರಗಳಿಗೆ ಒಗ್ಗುತ್ತವೆ. ಭಾರತ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯು ತನ್ನ ಚೆನ್ನೈ ಕೇಂದ್ರದಲ್ಲಿ ರೂಪಿಸಿದ ಬಾಸ್ ಎಂಬ ಲಿನಕ್ಸ್ ಆವೃತ್ತಿಯು ಭಾರತೀಯ ಭಾಷೆಗಳ ಬಳಕೆಯನ್ನು ಗಮನದಲ್ಲಿರಿಸಿಕೊಂಡು ಸಿದ್ಧವಾದುದು.

ಲಿನಕ್ಸಿನಲ್ಲಿ ಯೂನಿಕೋಡ್ ಕನ್ನಡವನ್ನು ಓದಲು ಮತ್ತು ಬರೆಯಲು ಅನುಕೂಲವಿದೆ. ಇನ್‌ಸ್ಕ್ರಿಪ್ಟ್ ಕೀಲಿಮಣೆಯೂ, ನುಡಿಯ ಮೂಲಕ ಬಹಳ ಮಂದಿಗೆ ಪರಿಚಿತವಾದ ಕೀಲಿಮಣೆ ವಿನ್ಯಾಸವೂ ಅದರಲ್ಲಿ ಲಭ್ಯ. ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶದಲ್ಲಿ ಪತ್ರ ಬರೆಯುವುದು, ಲೆಕ್ಕಪಟ್ಟಿ ಮಾಡುವುದು ಸಾಧ್ಯ. ಆದರೆ ಕೆಲವು ಮುದ್ರಣ ಯಂತ್ರಗಳು ಹಾಗೂ ಡಿಜಿಟಲ್ ಸಹಿಯ ಉಪಕರಣಗಳು ಲಿನಕ್ಸಿನೊಡನೆ ಹೊಂದಿಕೊಳ್ಳದಿರಬಹುದು; ಕೆಲವು ಲೆಕ್ಕಪತ್ರ ತಂತ್ರಾಂಶಗಳು ವಿಂಡೋಸ್‌ಗೆ ಮಾತ್ರ ಮೀಸಲಾಗಿವೆ. ಪಡೆಯುವವರ ಅಗತ್ಯವನ್ನು ಮೊದಲು ಕೇಳಿ ತಿಳಿದುಕೊಂಡರೆ ಮುಂದೆ ನಿರಾಶೆ ತಪ್ಪುತ್ತದೆ.

ಕೊಡುವ ಕ್ರಮ

ದಾನವಾಗಿ ಬಂದ ಗಣಕಯಂತ್ರಗಳು ಶಾಲೆಯ ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತಿರುವ ದೃಶ್ಯ ಹೊಸದೇನಲ್ಲ. ಮೌಸ್ ಇಲ್ಲದೆ, ತಂತಿ ಇಲ್ಲದೆ, ಗುಪ್ತಪದ ತಿಳಿಯದೆ, ಕೆಟ್ಟಾಗ ಯಾರನ್ನು ಕರೆಯಬೇಕೆಂದು ಗೊತ್ತಾಗದೆ ಅವು ನಿಂತಿರುತ್ತವೆ. ಇಂತಹ ಕೊಡುಗೆಯು ಕಸವನ್ನು ಒಂದು ಮನೆಯಿಂದ ಮತ್ತೊಂದಕ್ಕೆ ಸಾಗಿಸಿದಂತೆಯೇ ಸರಿ. ಕೊನೆಗೆ ಅದನ್ನು ವಿಲೇವಾರಿ ಮಾಡುವ ಹೊಣೆಯೂ ಬಡ ಸಂಸ್ಥೆಯ ಮೇಲೆಯೇ ಬೀಳುತ್ತದೆ. ಆದುದರಿಂದ ಯಂತ್ರವು ಪಡೆದವರ ಕೈಯಲ್ಲಿ ಕೆಲಸಕ್ಕೆ ಬಂದಾಗ ಮಾತ್ರ ಪುನಶ್ಚೇತನವು ಪೂರ್ಣವಾಯಿತೆಂದು ತಿಳಿಯಬೇಕು.

ಈ ಕೆಲಸವನ್ನು ವ್ಯವಸ್ಥಿತವಾಗಿ ನಡೆಸಿದ ಉದಾಹರಣೆಯೊಂದು ಕೆನಡಾ ದೇಶದ್ದು. ಅಲ್ಲಿ 1993ರಲ್ಲಿ ಆರಂಭವಾದ ‘ಶಾಲೆಗಳಿಗೆ ಗಣಕಯಂತ್ರ’ ಕಾರ್ಯಕ್ರಮದಡಿ ಸರ್ಕಾರಿ ಕಚೇರಿಗಳು ಹಾಗೂ ಖಾಸಗಿ ಸಂಸ್ಥೆಗಳು ಬಿಟ್ಟುಕೊಟ್ಟ ಯಂತ್ರಗಳನ್ನು ಕಾರ್ಯಾಗಾರಗಳಲ್ಲಿ ಅಳಿಸಿ, ದುರಸ್ತಿಪಡಿಸಿ ಶಾಲೆಗಳಿಗೂ ಗ್ರಂಥಾಲಯಗಳಿಗೂ ಹಂಚಲಾಗುತ್ತದೆ. ಹೀಗೆ ಹಂಚಲಾದ ಯಂತ್ರಗಳ ಸಂಖ್ಯೆ ಹತ್ತು ಲಕ್ಷವನ್ನು ಮೀರಿದೆ. ದುರಸ್ತಿಯ ಕೆಲಸದಲ್ಲಿ ಯುವಕ ಯುವತಿಯರನ್ನು ತೊಡಗಿಸಿ ತರಬೇತಿ ನೀಡುವುದು ಈ ಕಾರ್ಯಕ್ರಮದ ವಿಶೇಷ. ಯಂತ್ರವೂ ಉಳಿಯಿತು, ಕಸುಬೂ ಕೈಗೆ ಬಂದಿತು.

ಮುಂಬಯಿ, ಪುಣೆ, ದೆಹಲಿ, ಚೆನ್ನೈ, ಹೈದರಾಬಾದ್ ನಗರಗಳ ಕನ್ನಡ ಸಂಘಗಳೂ ತಮ್ಮ ಶಕ್ತ್ಯನುಸಾರ ಇಂತಹ ಪ್ರಯತ್ನವನ್ನು ಕೈಗೊಳ್ಳಬಹುದು. ಸದಸ್ಯರ ಮನೆಗಳಲ್ಲಿ ಸುಮ್ಮನಿರುವ ಯಂತ್ರಗಳಲ್ಲಿ ನಾಲ್ಕೈದನ್ನು ಸಿದ್ಧಗೊಳಿಸಿದರೂ ಸಂಘದ ವಾಚನಾಲಯದಲ್ಲಿ ಒಂದು ಕನ್ನಡ ಗಣಕ ಮೂಲೆ ಏರ್ಪಡುತ್ತದೆ. ಮನೆಯಲ್ಲಿ ಕನ್ನಡ ಮಾತನಾಡಿದರೂ ಶಾಲೆಯಲ್ಲಿ ಕನ್ನಡ ಅಕ್ಷರ ಕಲಿಯುವ ಅವಕಾಶವಿಲ್ಲದ ಮಕ್ಕಳಿಗೆ ಅಲ್ಲಿ ಕನ್ನಡವನ್ನು ಓದಿ ಬರೆಯುವ ಅಭ್ಯಾಸ ಮಾಡಿಸಬಹುದು. ನಿವೃತ್ತ ಅಭಿಯಂತರರು, ತಂತ್ರಾಂಶ ಕ್ಷೇತ್ರದ ಉದ್ಯೋಗಿಗಳು ತಿಂಗಳಿಗೊಂದು ರವಿವಾರವನ್ನು ಇದಕ್ಕೆ ಕೊಟ್ಟರೆ ನಿರ್ವಹಣೆಯೂ ಸುಗಮವಾಗುತ್ತದೆ.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ವಿದ್ಯುನ್ಮಾನ ತ್ಯಾಜ್ಯಕ್ಕೆ ಪ್ರತ್ಯೇಕ ನಿಯಮಗಳು ಮೊದಲಿಗೆ 2011ರಲ್ಲಿ ರೂಪುಗೊಂಡು 2012ರ ಮೇ 1ರಿಂದ ಜಾರಿಗೆ ಬಂದವು. 2016ರಲ್ಲಿ ಅವುಗಳ ಸ್ಥಾನದಲ್ಲಿ ಹೊಸ ನಿಯಮಗಳು ಬಂದವು. ಆ ಬಳಿಕ ಹೊರಡಿಸಲಾದ 2022ರ ವಿದ್ಯುನ್ಮಾನ ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಉತ್ಪಾದಕರು ತಾವು ಮಾರಿದ ವಸ್ತುಗಳು ತ್ಯಾಜ್ಯವಾದಾಗ ಅವುಗಳ ಸಂಸ್ಕರಣೆಗೂ ಹೊಣೆಗಾರರು ಎಂಬುದು ಇವುಗಳ ಮೂಲತತ್ತ್ವ.

ಈ ನಿಯಮಗಳಲ್ಲಿ ಪುನಶ್ಚೇತನಕಾರರಿಗೂ ಸ್ಥಾನವಿದೆ. ಇದನ್ನು ಉದ್ಯಮವಾಗಿ ನಡೆಸುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ದುರಸ್ತಿಯ ವೇಳೆ ಉಂಟಾಗುವ ತ್ಯಾಜ್ಯವನ್ನು ನೋಂದಾಯಿತ ಮರುಸಂಸ್ಕರಣಕಾರರಿಗೆ ಒಪ್ಪಿಸಬೇಕು. ಪುನಶ್ಚೇತನದಿಂದ ವಸ್ತುವಿನ ಆಯುಷ್ಯವು ಹೆಚ್ಚಿದರೆ ಉತ್ಪಾದಕರ ಹೊಣೆಯನ್ನು ಅಷ್ಟು ಅವಧಿಗೆ ಮುಂದೂಡುವ ಅವಕಾಶವಿದೆ. ಹೀಗೆ ಮುಂದೂಡಿದ ಪ್ರಮಾಣದಲ್ಲಿ ಶೇಕಡಾ 75ರಷ್ಟನ್ನು ಮಾತ್ರ ಅವರ ಮುಂದಿನ ಹೊಣೆಗೆ ಸೇರಿಸಲಾಗುತ್ತದೆ. ಕೂಡಲೇ ಕರಗಿಸುವುದಕ್ಕಿಂತ ಮರುಬಳಕೆಗೆ ಉತ್ತೇಜನ ನೀಡುವುದು ಇದರ ಉದ್ದೇಶ.

ಆರ್ಥಿಕ ವರ್ಷದ ಯಾವುದೇ ಸಮಯದಲ್ಲಿ ಒಂದು ಸಾವಿರ ಅಥವಾ ಅದಕ್ಕಿಂತ ಹೆಚ್ಚು ವಿದ್ಯುತ್ ಹಾಗೂ ವಿದ್ಯುನ್ಮಾನ ಉಪಕರಣಗಳನ್ನು ಬಳಸುವ ಸಂಸ್ಥೆಗಳನ್ನು ನಿಯಮಗಳು ಬೃಹತ್ ಬಳಕೆದಾರರೆಂದು ಪರಿಗಣಿಸುತ್ತವೆ. ಇಂತಹ ಸಂಸ್ಥೆಗಳು ತಮ್ಮ ವಿದ್ಯುನ್ಮಾನ ತ್ಯಾಜ್ಯವನ್ನು ನೋಂದಾಯಿತ ಉತ್ಪಾದಕರು, ಪುನಶ್ಚೇತನಕಾರರು ಅಥವಾ ಮರುಸಂಸ್ಕರಣಕಾರರಿಗೆ ಮಾತ್ರ ಒಪ್ಪಿಸತಕ್ಕದ್ದು. ಗುಜರಿಗೆ ಮಾರುವಂತಿಲ್ಲ.

ದುರಸ್ತಿಯು ಗ್ರಾಹಕರ ಹಕ್ಕೆಂಬ ವಿಚಾರಕ್ಕೂ ಮನ್ನಣೆ ದೊರೆಯುತ್ತಿದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಜುಲೈಯಲ್ಲಿ ಈ ಕುರಿತು ಸಮಿತಿಯೊಂದನ್ನು ರಚಿಸಿತು. ಅದೇ ವರ್ಷದ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದು, ದುರಸ್ತಿ ಹಕ್ಕಿನ ಪೋರ್ಟಲ್ ಉದ್ಘಾಟನೆಯಾಯಿತು. ತಯಾರಕರ ದುರಸ್ತಿ ಸೇವೆ, ಬಿಡಿಭಾಗ ಮುಂತಾದ ವಿವರಗಳನ್ನು ಗ್ರಾಹಕರಿಗೆ ಒಂದೆಡೆ ಒದಗಿಸುವುದು ಅದರ ಗುರಿ. ಸೇವೆಯಲ್ಲಿ ಲೋಪವಾದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ದೂರು ನೀಡಬಹುದು.

ನೆನಪಿಡಬೇಕಾದ ಅಂಶಗಳು

1. ಬೆಂಬಲ ನಿಂತ ತಂತ್ರಾಂಶವನ್ನು ಬದಲಾಯಿಸಬೇಕು; ಯಂತ್ರವನ್ನು ಎಸೆಯಬೇಕಾಗಿಲ್ಲ.

2. ಅಟ್ಟದ ಮೇಲೆ ವರ್ಷಗಟ್ಟಲೆ ಇಟ್ಟ ಯಂತ್ರದ ಉಪಯುಕ್ತತೆ ಕುಗ್ಗುತ್ತದೆ. ಕೊಡುವ ಮನಸ್ಸಿದ್ದರೆ ಬೇಗನೆ ಕೊಡುವುದು ಮೇಲು.

3. ಹಳೆಯ ಅಕ್ಷರಗಳ ಕನ್ನಡ ಕಡತಗಳನ್ನು ಯೂನಿಕೋಡ್‌ಗೆ ಬದಲಾಯಿಸಿ ಉಳಿಸಿಕೊಂಡ ಬಳಿಕವೇ ಡಿಸ್ಕನ್ನು ಅಳಿಸಬೇಕು.

4. ಪೂರ್ತಿಯಾಗಿ ಅಳಿಸದ ಡಿಸ್ಕನ್ನು ಯಾವ ಕಾರಣಕ್ಕೂ ಮನೆಯಿಂದ ಅಥವಾ ಕಚೇರಿಯಿಂದ ಹೊರಗೆ ಬಿಡಬಾರದು.

5. ಉಬ್ಬಿದ ಬ್ಯಾಟರಿ, ಎಸ್‌ಎಂಪಿಎಸ್ ಪೆಟ್ಟಿಗೆ ಮತ್ತು ಗಾಜಿನ ಮಾನಿಟರುಗಳನ್ನು ಮನೆಯಲ್ಲಿ ಬಿಚ್ಚಬಾರದು.

6. ಕೀಲಿಮಣೆ, ಮೌಸ್, ತಂತಿಗಳು, ಗುಪ್ತಪದ ಹಾಗೂ ಕನ್ನಡದಲ್ಲಿ ಬರೆದ ಒಂದು ಪುಟದ ಸೂಚನೆ ಸಹಿತ ಯಂತ್ರವನ್ನು ಒಪ್ಪಿಸಬೇಕು. ಕೆಲವು ತಿಂಗಳಾದರೂ ನೆರವಿಗೆ ಒಬ್ಬರು ಇರಬೇಕು.

7. ಸರಿಪಡಿಸಲಾಗದ ಯಂತ್ರವನ್ನು ನೋಂದಾಯಿತ ಮರುಸಂಸ್ಕರಣಕಾರರಿಗೆ ಒಪ್ಪಿಸಬೇಕು.

ಒಂದು ಯಂತ್ರವು ಇನ್ನೂ ನಾಲ್ಕು ವರ್ಷ ನಡೆದರೆ ಒಬ್ಬ ವಿದ್ಯಾರ್ಥಿಯ ಪದವಿ ವ್ಯಾಸಂಗವು ಅದರ ಮೇಲೆ ಮುಗಿಯುತ್ತದೆ. ಈ ಲೆಕ್ಕವನ್ನು ಮುಂದಿಟ್ಟುಕೊಂಡು ಓದುಗರು ತಮ್ಮ ಮನೆಯ ಅಟ್ಟವನ್ನೊಮ್ಮೆ ಪರಿಶೀಲಿಸುವುದು ಒಳಿತು.